ಹಲವರು ಕೂಡಿ ಕಟ್ಟಿದ ಕಥೆ

ಬೀದರ್ ನಗರದಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರು ಹೋದರೆ ಅಷ್ಟೂರು ಸಿಗುತ್ತದೆ. ಅಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದು ಅಹ್ಮದ್ ಶಾಹನದು. ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಈತನೇ. ಕಾಲವಾದದ್ದು 1436ರಲ್ಲಿ. ಬರಗಾಲದಲ್ಲಿ ಈತ ಪ್ರಾರ್ಥಿಸಿದಾಗ ಮಳೆ ಬಂತೆಂದೂ, ಅಂದಿನಿಂದ ಜನ ಈತನನ್ನು 'ವಲಿ' ಎಂದು, ಅಂದರೆ ಸಂತನೆಂದು, ಕರೆದರೆಂದೂ ಹೇಳುತ್ತಾರೆ. ಅದೇ ಗುಮ್ಮಟಕ್ಕೆ ಕೈ ಮುಗಿಯುವ ಲಿಂಗಾಯತರ ಬಾಯಲ್ಲಿ ಈತ ಅಲ್ಲಮಪ್ರಭು. ಪ್ರತಿವರ್ಷ ಹೋಳಿ ಹುಣ್ಣಿಮೆಯ ನಂತರ ಇಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಶಿಷ್ಯರೊಡನೆ ಬಂದು ಪಾಲ್ಗೊಳ್ಳುತ್ತಾರೆ. ಪುರಾತತ್ವ ವಿದ್ವಾಂಸ ಗುಲಾಂ ಯಜ್ದಾನಿ ಅವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಇತಿಹಾಸ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ.

ಬೀದರ್, ಕೊಳಾರ, ಭಾಲ್ಕಿ, ಔರಾದ ಕಡೆಯ ಜನರಿಗೆ ಅಷ್ಟೂರಿನ ಜಾತ್ರೆ ಹೊಸದಲ್ಲ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಂಡಿರಲಿಕ್ಕಿಲ್ಲ. ಹನ್ನೆರಡನೆಯ ಶತಮಾನದ ಶರಣನೊಬ್ಬನ ಹೆಸರು ಹದಿನೈದನೆಯ ಶತಮಾನದ ಸುಲ್ತಾನನಿಗೆ ಬಂದದ್ದು ಹೇಗೆ? ಈ ಕಥೆಯನ್ನು ಬರೆದವರು ಯಾರು? ಯಾವ ಆಸ್ಥಾನಕವಿಯೂ ಇದನ್ನು ಬರೆಯಲಿಲ್ಲ. ಒಬ್ಬರು ಒಂದು ಮಾತು ಸೇರಿಸಿದರು, ಮತ್ತೊಬ್ಬರು ಒಂದು ಹೆಸರು ಸೇರಿಸಿದರು, ಮೂರನೆಯವರು ಒಂದು ಹರಕೆ ಸೇರಿಸಿದರು. ಆರುನೂರು ವರ್ಷ ಹೀಗೆ ಸೇರಿಸುತ್ತ ಬಂದದ್ದು ಇಂದಿನ ಕಥೆಯಾಯಿತು.

ಇತ್ತೀಚಿನ ವರ್ಷಗಳಲ್ಲಿ ಅಂತರಜಾಲದ ಮೂಲಕ ಸಾರ್ವಜನಿಕರನ್ನು ಕರೆದು ಅವರಿಂದಲೇ ಕಥೆ, ಚರಿತ್ರೆ, ವಿಶ್ವಕೋಶಗಳನ್ನು ಕಟ್ಟಿಸುವ ಪ್ರಯತ್ನಗಳು ಜಗತ್ತಿನ ಎಲ್ಲೆಡೆ ನಡೆದಿವೆ. ಯಾರು ಬೇಕಾದರೂ ಬರಬಹುದು, ತಮಗೆ ತಿಳಿದ ಒಂದು ತುಣುಕನ್ನು ಸೇರಿಸಬಹುದು ಎಂಬುದೇ ಅವುಗಳ ನಿಯಮ. ಇದು ಗಣಕಯಂತ್ರದೊಡನೆ ಹುಟ್ಟಿದ ಹೊಸ ವಿಚಾರವೆಂದು ಅನೇಕರು ತಿಳಿದಿದ್ದಾರೆ. ಆದರೆ ಬೀದರ್ ಜಿಲ್ಲೆಯ ನೆಲದ ಮಟ್ಟಿಗೆ ಇದು ಹಳೆಯ ವಿಚಾರ. ಹಲವರು ಕೂಡಿ ಕಟ್ಟುವ ಕಥೆ ಹೇಗೆ ಉಳಿಯುತ್ತದೆ, ಹೇಗೆ ಕೆಡುತ್ತದೆ, ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದನ್ನು ಈ ನೆಲ ಎಂಟುನೂರು ವರ್ಷಗಳಿಂದ ಕಂಡಿದೆ.

ಕಲ್ಯಾಣದ ಕೂಟ

ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ ಹಿಂದೆ ಚಾಲುಕ್ಯರ ರಾಜಧಾನಿಯಾಗಿತ್ತು. ಹನ್ನೆರಡನೆಯ ಶತಮಾನದ ನಡುವೆ ಅಧಿಕಾರ ಕಲಚುರಿ ಬಿಜ್ಜಳನ ಕೈಗೆ ಬಂದಿತು. ಬಸವಣ್ಣನವರು ಅವನ ಭಂಡಾರಿಯಾಗಿದ್ದರು. ಆ ಕಾಲದಲ್ಲಿ ಇಲ್ಲಿ ನಾನಾ ಕಾಯಕದ ಜನ ಕೂಡಿದರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಬಿದ್ದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ, ಅವನ ಮಡದಿ ಲಕ್ಕಮ್ಮ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೊನ್ನಲಿಗೆಯಿಂದ ಬಂದ ಸಿದ್ಧರಾಮ, ಬಳ್ಳಿಗಾವೆಯ ಕಡೆಯಿಂದ ಬಂದ ಅಲ್ಲಮ, ಉಡುತಡಿಯ ಮಹಾದೇವಿ. ಇವರೆಲ್ಲ ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿ ಹೇಳಿದರು. ಆ ಮಾತುಗಳೇ ವಚನಗಳು.

ಈ ಕೂಟವನ್ನು ಪರಂಪರೆ 'ಅನುಭವ ಮಂಟಪ'ವೆಂದು ಕರೆದಿದೆ. ಅದೊಂದು ಕಟ್ಟಡವಾಗಿತ್ತೇ, ಅಥವಾ ಶರಣರು ಸೇರುತ್ತಿದ್ದ ಗೋಷ್ಠಿಗೆ ಬಂದ ಹೆಸರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಂದು ನಾವು ಮನಸ್ಸಿನಲ್ಲಿ ಕಾಣುವ ಮಂಟಪದ ವಿವರಗಳು, ಅದರ ಶೂನ್ಯಸಿಂಹಾಸನ, ಅದರ ಅಧ್ಯಕ್ಷತೆ ಎಲ್ಲವೂ ಹೆಚ್ಚಾಗಿ ನಂತರದ ಗ್ರಂಥಗಳಿಂದ ಬಂದವು. ಆದರೆ ಕಟ್ಟಡದ ಪ್ರಶ್ನೆ ಏನೇ ಇರಲಿ, ವಚನಗಳಂತೂ ನಮ್ಮ ಕೈಯಲ್ಲಿವೆ. ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರವಾಗಿರುವುದು, ಒಬ್ಬರು ಇನ್ನೊಬ್ಬರ ಹೆಸರು ಹೇಳಿ ನೆನೆಯುವುದು, ಒಬ್ಬರ ಮಾತನ್ನು ಮತ್ತೊಬ್ಬರು ತಿದ್ದುವುದು ಅವುಗಳಲ್ಲಿಯೇ ಕಾಣುತ್ತದೆ. ಮಾತಾಡುವವರ ಗುಂಪೊಂದು ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಕೂಟದಲ್ಲಿ ನಮ್ಮ ಇಂದಿನ ವಿಷಯಕ್ಕೆ ಬಹಳ ಮುಖ್ಯವಾದ ಒಂದು ಪದ್ಧತಿ ಇತ್ತು. ಅದು ಅಂಕಿತ. ಪ್ರತಿಯೊಬ್ಬರೂ ತಮ್ಮ ವಚನದ ಕೊನೆಗೆ ತಾವು ನಂಬಿದ ದೇವರ ಹೆಸರನ್ನು ಇಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಮಾಚಯ್ಯನದು ಕಲಿದೇವರದೇವ. ಅಂಬಿಗರ ಚೌಡಯ್ಯನಂತೂ ದೇವರ ಹೆಸರನ್ನೂ ಬಿಟ್ಟು ತನ್ನ ಹೆಸರನ್ನೇ ಅಂಕಿತವಾಗಿಟ್ಟ. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಇದೊಂದು ಮುದ್ರೆ. ಮಾತು ಎಷ್ಟು ದೂರ ಹೋದರೂ ಯಾರದೆಂದು ಕೇಳಿದವರಿಗೆ ಗೊತ್ತಾಗುತ್ತಿತ್ತು.

ಅಂಕಿತದ ಬೆಲೆ ಎಷ್ಟೆಂಬುದನ್ನು ಅರಿಯಲು ದೊಡ್ಡವರ ಉದಾಹರಣೆ ಬೇಡ. ಸೂಳೆ ಸಂಕವ್ವೆ ಎಂಬಾಕೆಯ ಒಂದೇ ಒಂದು ವಚನ ನಮಗೆ ಸಿಕ್ಕಿದೆ. ಅದರ ಅಂಕಿತ 'ನಿರ್ಲಜ್ಜೇಶ್ವರ'. ಸಮಾಜ ಆಕೆಗೆ ಹೊರಿಸಿದ ನಾಚಿಕೆಯನ್ನು ಆಕೆ ತನ್ನ ದೇವರ ಹೆಸರಿನಲ್ಲಿಯೇ ತಿರುಗಿಸಿಬಿಟ್ಟಿದ್ದಾಳೆ. ಆಕೆಯ ಊರು, ತಂದೆತಾಯಿ, ಬಾಳಿನ ಕೊನೆ ಯಾವುದನ್ನೂ ಚರಿತ್ರೆ ಕಾಪಾಡಲಿಲ್ಲ. ಆದರೆ ಒಂದು ವಚನ ಮತ್ತು ಒಂದು ಅಂಕಿತ ಎಂಟುನೂರು ವರ್ಷ ಆಕೆಯನ್ನು ಕಾಪಾಡಿವೆ. ಬಂದವರೆಲ್ಲರಿಗೂ ಮಾತಿನ ಹಕ್ಕು, ಆಡಿದ ಮಾತಿಗೆ ಆಡಿದವರ ಗುರುತು: ಕಲ್ಯಾಣದ ಕೂಟ ನಮಗೆ ಬಿಟ್ಟುಹೋದ ಎರಡು ನಿಯಮಗಳು ಇವು.

ಚದುರಿದ ಮಾತು, ಕೂಡಿಸಿದ ಗ್ರಂಥ

ಆ ಕೂಟ ಬಹಳ ಕಾಲ ಬಾಳಲಿಲ್ಲ. ಅಂತರ್ಜಾತಿಯ ಮದುವೆಯ ನೆಪದಿಂದ ಕಲ್ಯಾಣದಲ್ಲಿ ರಕ್ತ ಹರಿಯಿತು, ಬಿಜ್ಜಳ ಕೊಲೆಯಾದ, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅವರೊಡನೆ ವಚನಗಳೂ ಚದುರಿದವು. ಶಾಂತರಸ ಎಂಬ ಶರಣ ವಚನಗಳ ಭಂಡಾರವನ್ನು ನೋಡಿಕೊಳ್ಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಇದು ನಿಜವಾದರೆ, ಮಾತಾಡುವವರಷ್ಟೇ ಅಲ್ಲ, ಆಡಿದ್ದನ್ನು ಜೋಪಾನ ಮಾಡುವವರೂ ಬೇಕೆಂಬ ಅರಿವು ಆ ಕಾಲಕ್ಕೇ ಇತ್ತೆಂದಾಯಿತು.

ಮುಂದೆ ಸುಮಾರು ಮುನ್ನೂರು ವರ್ಷಗಳ ನಂತರ, ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಆಳ್ವಿಕೆಯ ಸೀಮೆಯಲ್ಲಿ ಈ ಚದುರಿದ ವಚನಗಳನ್ನು ಕೂಡಿಸುವ ದೊಡ್ಡ ಕೆಲಸ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯ ಎಂಬಾತ 'ಶೂನ್ಯಸಂಪಾದನೆ' ಎಂಬ ಗ್ರಂಥವನ್ನು ಕಟ್ಟಿದ. ಇದನ್ನು 'ಬರೆದ' ಎನ್ನುವುದಕ್ಕಿಂತ 'ಕಟ್ಟಿದ' ಎನ್ನುವುದೇ ಸರಿ. ಅಲ್ಲಮಪ್ರಭು ಒಬ್ಬೊಬ್ಬ ಶರಣನನ್ನು ಕಂಡು ಮಾತಾಡುತ್ತ ಕಲ್ಯಾಣಕ್ಕೆ ಬರುವುದು, ಮಹಾದೇವಿಯಕ್ಕ ಅಲ್ಲಿಗೆ ಬಂದಾಗ ನಡೆದ ಪರೀಕ್ಷೆ, ಆಯ್ದಕ್ಕಿ ದಂಪತಿಗಳ ಪ್ರಸಂಗ, ಹೀಗೆ ಒಂದು ದೊಡ್ಡ ಕಥೆ ಅದರಲ್ಲಿದೆ. ಆದರೆ ಆ ಕಥೆಯ ಮಾತುಗಳು ಮಹಾದೇವಯ್ಯನವಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಶರಣರು ಹೇಳಿದ ಸುಮಾರು ಸಾವಿರ ವಚನಗಳನ್ನು ಆತ ಎದುರುಬದುರು ಇಟ್ಟ. ಒಂಟಿಯಾಗಿದ್ದ ವಚನ ಪ್ರಶ್ನೆಯಾಯಿತು, ಇನ್ನೊಂದು ಉತ್ತರವಾಯಿತು. ನಡುನಡುವೆ ಒಂದೆರಡು ಸಾಲಿನ ಗದ್ಯವನ್ನು ಮಾತ್ರ ಆತ ತನ್ನದಾಗಿ ಸೇರಿಸಿದ. ಹಲವರ ಮಾತು ಸೇರಿ ಒಂದು ಕಥೆಯಾಯಿತು, ಆದರೆ ಪ್ರತಿಯೊಂದು ಮಾತಿನ ಕೊನೆಗೂ ಅವರವರ ಅಂಕಿತ ಹಾಗೆಯೇ ಉಳಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರಿನ ಸಿದ್ಧವೀರಣ್ಣೊಡೆಯರು ಎಂಬ ಮೂವರು ಒಬ್ಬರ ನಂತರ ಒಬ್ಬರು ಅದೇ ಗ್ರಂಥವನ್ನು ಮತ್ತೆ ಪರಿಷ್ಕರಿಸಿದರು. ವಚನಗಳ ಸಂಖ್ಯೆ ಒಂದೂವರೆ ಸಾವಿರದ ಆಸುಪಾಸಿಗೆ ಏರಿತು. ಹೊಸ ಪ್ರಸಂಗಗಳು ಸೇರಿದವು, ಹಳೆಯವು ಸ್ಥಳ ಬದಲಿಸಿದವು.

ಈ ತಿದ್ದುಪಡಿಗಳು ಬರಿಯ ಅಲಂಕಾರಕ್ಕೆ ಆದವಲ್ಲ. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಇಲ್ಲವೇ ಎಂಬುದು ಪರಿಷ್ಕರಣಗಳ ನಡುವಣ ದೊಡ್ಡ ವ್ಯತ್ಯಾಸ. ದೀಕ್ಷೆಯಾಗಿತ್ತೆಂದು ನಂಬಿದವರು ಆ ಪ್ರಸಂಗವಿರುವಂತೆ ಗ್ರಂಥವನ್ನು ತಿದ್ದಿದರು. ಸಿದ್ಧರಾಮ ಇಂಥ ಮಹಾನುಭಾವಿ, ಆತ ನಮ್ಮ ದಾರಿಗೆ ಹೇಗೆ ಸೇರಿದ ಎಂಬುದು ಅವರಿಗೆ ಧರ್ಮದ ಪ್ರಶ್ನೆ. ಇಂದು ಅಂತರಜಾಲದಲ್ಲಿ ಒಬ್ಬರು ಬರೆದುದನ್ನು ಮತ್ತೊಬ್ಬರು ಅಳಿಸಿ, ಮೂರನೆಯವರು ಮತ್ತೆ ಹಾಕುವ ಜಗಳಗಳನ್ನು ಕಂಡು ನಾವು ಬೇಸರಪಡುತ್ತೇವೆ. ಅಂಥ ಜಗಳ ತಾಳೆಗರಿಯ ಮೇಲೆಯೂ ನಡೆದಿತ್ತು. ವ್ಯತ್ಯಾಸ ಇಷ್ಟೇ: ಹಿಂದಿನವರು ಒಬ್ಬರ ಗ್ರಂಥವನ್ನು ಸುಟ್ಟು ಇನ್ನೊಂದನ್ನು ಬರೆಯಲಿಲ್ಲ. ನಾಲ್ಕೂ ಉಳಿದವು. ಆದ್ದರಿಂದಲೇ ಯಾರು ಯಾವಾಗ ಏನನ್ನು ಸೇರಿಸಿದರೆಂದು ಇಂದು ನಾವು ಹೋಲಿಸಿ ನೋಡಬಹುದಾಗಿದೆ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಬೀದರ್ ನೆಲದಲ್ಲಿ ನಡೆದ ಕಥೆಯನ್ನು ಕಟ್ಟಿದವರು ದೂರದ ದಕ್ಷಿಣದವರು. ಗೂಳೂರು ತುಮಕೂರಿನ ಬಳಿಯ ಊರು. ಆ ಕಾಲಕ್ಕೆ ಕಲ್ಯಾಣದ ಸೀಮೆ ಬಹಮನಿಗಳ ಕೈಯಲ್ಲಿತ್ತು, ಮುಂದೆ ಬೇರೆ ಬೇರೆ ಆಳರಸರ ಕೈಗೆ ಹೋಯಿತು. ತನ್ನ ಕಥೆಯನ್ನು ತಾನೇ ಬರೆದಿಟ್ಟುಕೊಳ್ಳುವ ಅವಕಾಶ ಈ ಸೀಮೆಗೆ ಸಿಗಲಿಲ್ಲ.

ಮನೆಮನೆಯ ಗಂಟುಗಳು

ನಂತರದ ಶತಮಾನಗಳಲ್ಲಿ ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಂತಿಯ ಮೇಲೆ, ದೇವರ ಜಗುಲಿಯಲ್ಲಿ ಉಳಿದವು. ಅನೇಕ ಕಡೆ ಅವುಗಳಿಗೆ ಪೂಜೆ ಸಲ್ಲುತ್ತಿತ್ತು, ಓದು ನಿಂತಿತ್ತು. ಈ ಗಂಟುಗಳನ್ನು ಬಿಚ್ಚಿಸಿದ ಕೀರ್ತಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಊರೂರು ತಿರುಗಿ, ಮನೆಮನೆಗೆ ಹೋಗಿ ತಾಳೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಈ ಕೆಲಸಕ್ಕಾಗಿ ಅವರು ಮನೆಯನ್ನೇ ಮಾರಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಅದುವರೆಗೆ ಹೆಸರಾಗಿದ್ದ ವಚನಕಾರರು ಐವತ್ತರಷ್ಟು ಮಾತ್ರ. ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತರ ಹತ್ತಿರಕ್ಕೆ ಬಂದಿತು.

ಹಳಕಟ್ಟಿಯವರನ್ನು ನಾವು ಹೊಗಳುವಾಗ ಇನ್ನೊಂದು ಗುಂಪನ್ನು ಮರೆಯುತ್ತೇವೆ. ತಲೆತಲಾಂತರದಿಂದ ಬಂದ ಗಂಟನ್ನು ನಂಬಿ ಅವರ ಕೈಗೆ ಕೊಟ್ಟ ಮನೆಯವರು ಅವರು. ಅವರಲ್ಲಿ ಬಹುಮಂದಿಗೆ ಆ ಗರಿಗಳನ್ನು ಓದಲು ಬರುತ್ತಿರಲಿಲ್ಲ. ಓದಲು ಬಾರದಿದ್ದರೂ ಹುಳು ಹಿಡಿಯದಂತೆ ನೋಡಿಕೊಂಡಿದ್ದರು. ಸಾರ್ವಜನಿಕರ ಪಾಲುಗಾರಿಕೆ ಎಂದರೆ ಬರೆಯುವುದಷ್ಟೇ ಅಲ್ಲ. ಇಟ್ಟುಕೊಳ್ಳುವುದು ಮತ್ತು ಬೇಕಾದ ಹೊತ್ತಿಗೆ ಕೊಡುವುದು ಕೂಡ ಪಾಲುಗಾರಿಕೆಯೇ.

ಆ ಕಾಲಕ್ಕೆ ಬೀದರಿನ ಸ್ಥಿತಿ ಬೇರೆಯಾಗಿತ್ತು. ವಿಜಯಪುರ ಮುಂಬಯಿ ಪ್ರಾಂತದಲ್ಲಿತ್ತು, ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ಆಡಳಿತದ ಮತ್ತು ಶಿಕ್ಷಣದ ಭಾಷೆ ಉರ್ದು. ಕನ್ನಡ ಮನೆಯ ಮಾತಾಗಿ ಉಳಿದಿತ್ತು, ಶಾಲೆಯ ಮಾತಾಗಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಇಂಥ ದಿನಗಳಲ್ಲಿ ಕನ್ನಡ ಶಾಲೆ ನಡೆಸಿದರು. ಹೊರಗೆ ಉರ್ದು ಹಲಗೆ, ಒಳಗೆ ಕನ್ನಡ ಪಾಠ ಎಂಬ ಅವರ ಉಪಾಯವನ್ನು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಜೋಳಿಗೆ ಹಿಡಿದು ಊರೂರು ಸುತ್ತಿದ ಆ ಸ್ವಾಮಿಗಳ ಶ್ರಮದಿಂದಲೇ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವೊಂದು ಎದ್ದಿತು. ಶತಾಯುಷಿಗಳಾಗಿದ್ದ ಅವರು 1999ರಲ್ಲಿ ಲಿಂಗೈಕ್ಯರಾದರು. ಬಸವಕಲ್ಯಾಣದಲ್ಲಿ ಹೊಸದಾದ, ದೊಡ್ಡದಾದ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಸರಕಾರದಿಂದ ಶಂಕುಸ್ಥಾಪನೆಯಾಯಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ್ ಕನ್ನಡ ರಾಜ್ಯಕ್ಕೆ ಸೇರಿತು. ಹಳೆಯ ಜಿಲ್ಲೆಯ ಉದಗೀರ, ನಿಲಂಗಾ ಮುಂತಾದ ತಾಲೂಕುಗಳು ಮರಾಠಿ ಸೀಮೆಗೂ ಜಹೀರಾಬಾದ್, ನಾರಾಯಣಖೇಡಗಳು ತೆಲುಗು ಸೀಮೆಗೂ ಹೋದವು. ಹೀಗಾಗಿ ಈ ಜಿಲ್ಲೆಯ ಒಂದೊಂದು ಕಥೆಯ ಕೊಂಡಿಗಳು ಮೂರು ರಾಜ್ಯಗಳಲ್ಲಿ, ನಾಲ್ಕು ಭಾಷೆಗಳಲ್ಲಿ ಹಂಚಿಹೋಗಿವೆ.

ಅಂಕಿತದ ಮೇಲೆ ಕೈಯಿಟ್ಟಾಗ

ವಚನಗಳ ಪೂರ್ಣ ಸಂಗ್ರಹವನ್ನು ಕರ್ನಾಟಕ ಸರಕಾರ ಕೈಗೆತ್ತಿಕೊಂಡಿತು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳು 1993ರಲ್ಲಿ ಹೊರಬಂದವು. ಸುಮಾರು 21 ಸಾವಿರ ವಚನಗಳು ಒಂದೆಡೆ ಸೇರಿದವು. ಶರಣೆಯರಿಗಾಗಿಯೇ ಒಂದು ಸಂಪುಟ ಬಂತು. ಮೂವತ್ತಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳ ವಚನಗಳು ಅದರಲ್ಲಿವೆ. ಜಗತ್ತಿನ ಸಾಹಿತ್ಯದಲ್ಲಿಯೇ ಅಷ್ಟು ಹಿಂದಿನ ಕಾಲದ ಇಷ್ಟು ಹೆಣ್ಣುಮಕ್ಕಳ ಮಾತು ಒಂದೆಡೆ ಸಿಗುವುದು ಅಪರೂಪ.

ಇದೇ ದಶಕದಲ್ಲಿ ಅಂಕಿತದ ಪ್ರಶ್ನೆ ಮತ್ತೆ ಎದ್ದಿತು. ಬಸವಣ್ಣನವರ ವಚನಗಳ 'ಕೂಡಲಸಂಗಮದೇವ' ಎಂಬ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿ ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ' ಎಂಬ ಸಂಕಲನವನ್ನು ಹೊರತಂದರು. ಅದಕ್ಕೆ ತಮ್ಮ ಶ್ರದ್ಧೆಯ ಕಾರಣಗಳನ್ನು ಅವರು ಕೊಟ್ಟರು. ನಾಡಿನಲ್ಲಿ ದೊಡ್ಡ ವಿವಾದವಾಯಿತು. 1998ರಲ್ಲಿ ರಾಜ್ಯ ಸರಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ನಿಷೇಧಿಸುವುದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಒಂದು ಅಂಕಿತ ಬದಲಾದಾಗ ಸಾಮಾನ್ಯ ಜನ ಕೂಡ ನೊಂದುಕೊಂಡರು. ಎಂಟುನೂರು ವರ್ಷಗಳ ನಂತರವೂ ಆ ಗುರುತನ್ನು ಅವರು ಎಲ್ಲರ ಆಸ್ತಿಯೆಂದು ತಿಳಿದಿದ್ದರು. ಕೂಡಿ ಕಟ್ಟಿದ ಕಥೆಯಲ್ಲಿ ಸೇರಿಸುವ ಹಕ್ಕು ಎಲ್ಲರಿಗೂ ಇರಬಹುದು, ಇನ್ನೊಬ್ಬರ ಗುರುತನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು.

ಹೊಸ ಕಾಲದ ಜಗುಲಿ

ಮುದ್ರಣದ ಯುಗದಲ್ಲಿಯೂ ಕೂಡಿ ಬರೆಯುವ ಆಸೆ ಕನ್ನಡಿಗರನ್ನು ಬಿಟ್ಟಿರಲಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ 'ಖೋ' ಎಂಬ ಕಾದಂಬರಿಯನ್ನು ಪ್ರಕಟಿಸಿತು. ಹಲವು ಲೇಖಕರು ಸೇರಿ ಬರೆದ ಕಾದಂಬರಿ ಅದು. ಹೆಸರೇ ಅದರ ರೀತಿಯನ್ನು ಹೇಳುತ್ತದೆ. ಖೋಖೋ ಆಟದಲ್ಲಿ ಒಬ್ಬ ಓಡಿ ಇನ್ನೊಬ್ಬನ ಬೆನ್ನು ತಟ್ಟುತ್ತಾನೆ, ತಟ್ಟಿಸಿಕೊಂಡವನು ಏಳಬೇಕು. ಆದರೆ ಅದು ಲೇಖಕರ ಆಟ. ಓದುಗರು ಅಂಗಳದ ಹೊರಗೆ ನಿಂತು ನೋಡಬೇಕಿತ್ತು.

ಓದುಗರನ್ನೂ ಅಂಗಳಕ್ಕೆ ಕರೆದದ್ದು ಅಂತರಜಾಲ. 2001ರಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯ ಎಂಬ ವಿಶ್ವಕೋಶ 2003ರ ಜೂನ್ ತಿಂಗಳಲ್ಲಿ ಕನ್ನಡದಲ್ಲಿಯೂ ಆರಂಭವಾಯಿತು. ಇದಕ್ಕೆ ಸಂಬಳದ ಬರಹಗಾರರಿಲ್ಲ. ಯಾರು ಬೇಕಾದರೂ ಲೇಖನ ಆರಂಭಿಸಬಹುದು, ಇದ್ದುದನ್ನು ತಿದ್ದಬಹುದು. ಆದರೆ ಮಾಡಿದ ಪ್ರತಿಯೊಂದು ತಿದ್ದುಪಡಿಯೂ, ಮಾಡಿದವರ ಗುರುತು ಮತ್ತು ವೇಳೆಯೊಡನೆ, 'ಇತಿಹಾಸ' ಎಂಬ ಪುಟದಲ್ಲಿ ಉಳಿಯುತ್ತದೆ. ಭಿನ್ನಾಭಿಪ್ರಾಯವಿದ್ದರೆ ಚರ್ಚೆಗೆ ಬೇರೆ ಪುಟವಿದೆ. ತಪ್ಪು ತಿದ್ದುಪಡಿಯನ್ನು ಹಿಂದಕ್ಕೆ ತರಬಹುದು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳು ಉಳಿದಂತೆ, ಇಲ್ಲಿ ಪ್ರತಿಯೊಂದು ಲೇಖನದ ನೂರಾರು ಪರಿಷ್ಕರಣಗಳು ಉಳಿಯುತ್ತವೆ. ಅಂಕಿತವೂ ಉಂಟು, ಹಳೆಯ ಪ್ರತಿಯೂ ಉಂಟು.

ವಚನಗಳಿಗೂ ಈ ಜಗುಲಿಯಲ್ಲಿ ಸ್ಥಳ ಸಿಕ್ಕಿತು. ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ, ಕಥೆಗಾರ ವಸುಧೇಂದ್ರ ಮತ್ತು ಕೆಲವು ತಂತ್ರಜ್ಞ ಗೆಳೆಯರು ಸೇರಿ 'ವಚನ ಸಂಚಯ' ಎಂಬ ತಾಣವನ್ನು ರೂಪಿಸಿದರು. ಅಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ, ಎಷ್ಟು ವಚನಗಳಲ್ಲಿ ಬಂದಿದೆ ಎಂದು ಕಣ್ಣೆದುರು ಬರುತ್ತದೆ. ಹಿಂದೆ ಒಬ್ಬ ವಿದ್ವಾಂಸನಿಗೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಂದು ಭಾಲ್ಕಿಯ ಕಾಲೇಜು ವಿದ್ಯಾರ್ಥಿನಿಗೆ ನಿಮಿಷದ ಕೆಲಸ. ಹೀಗೆ ಕಲ್ಯಾಣದಿಂದ ಹೊರಟ ಮಾತು ಎಂಟು ಶತಮಾನ ಸುತ್ತಿ, ದುಡಿಯುವ ಜನರ ಅಂಗೈಯಲ್ಲಿರುವ ದೂರವಾಣಿಗೆ ಬಂದು ಸೇರಿದೆ.

ಬೀದರಿನ ಪಾಲು

ಇಷ್ಟಾದರೂ ಒಂದು ಕೊರತೆ ಉಳಿದಿದೆ, ಅದು ಸಣ್ಣದಲ್ಲ. ವಿಕಿಪೀಡಿಯದಂಥ ವಿಶ್ವಕೋಶಕ್ಕೆ ಒಂದು ನಿಯಮವಿದೆ. ಅಲ್ಲಿ ಬರೆಯುವ ಮಾತಿಗೆ ಅಚ್ಚಾದ ಆಧಾರ ಬೇಕು. ನಿಯಮ ತಪ್ಪಲ್ಲ. ಅದಿಲ್ಲದಿದ್ದರೆ ಬಾಯಿಗೆ ಬಂದದ್ದೆಲ್ಲ ಚರಿತ್ರೆಯಾದೀತು. ಆದರೆ ಅಚ್ಚಿನ ಮನೆ ತಡವಾಗಿ ಬಂದ ಸೀಮೆಗೆ ಈ ನಿಯಮ ಭಾರವಾಗುತ್ತದೆ. ಬೀದರಿನ ಕಥೆಗಳಲ್ಲಿ ಬಹುಪಾಲು ಇನ್ನೂ ಬಾಯಲ್ಲಿಯೇ ಇವೆ. ಬಾಯಲ್ಲಿರುವುದು ಪುಸ್ತಕಕ್ಕೆ ಬರದೆ ವಿಶ್ವಕೋಶಕ್ಕೆ ಬರಲಾರದು. ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುತ್ತೇವೆ, ನಿಜ. ಆದರೆ ಕೈಯಲ್ಲಿ ಪುಸ್ತಕ ಹಿಡಿದು ಬಂದವರಿಗೆ ಒಳಗೆ ಹೋಗುವುದು ಸುಲಭ, ಬರಿಗೈಯಲ್ಲಿ ನೆನಪನ್ನು ಹೊತ್ತು ಬಂದವರು ಹೊಸ್ತಿಲಲ್ಲಿಯೇ ನಿಲ್ಲಬೇಕಾಗುತ್ತದೆ.

ಹೊಸ್ತಿಲಲ್ಲಿ ನಿಂತವರು ಯಾರು ಎಂದು ನೋಡಿ. ನಸುಕಿನಲ್ಲಿ ಬೀಸುವ ಕಲ್ಲಿನ ಎರಡು ಬದಿಗೆ ಕುಳಿತು, ಒಬ್ಬಾಕೆ ಎತ್ತಿಕೊಟ್ಟ ನುಡಿಯನ್ನು ಇನ್ನೊಬ್ಬಾಕೆ ಮುಂದುವರಿಸಿ ಹಾಡಿದ ಹೆಣ್ಣುಮಕ್ಕಳು. ಅದಕ್ಕಿಂತ ಚೆನ್ನಾಗಿ ಇಬ್ಬರು ಕೂಡಿ ಕಥೆ ಕಟ್ಟಿದ್ದನ್ನು ನಾವು ಎಲ್ಲಿ ಕಂಡಿದ್ದೇವೆ? ಗಿರಣಿ ಬಂದಿತು, ಬೀಸುವ ಕಲ್ಲು ಮೂಲೆಗೆ ಹೋಯಿತು, ಹಾಡು ಕಲಿತ ಕೊನೆಯ ತಲೆಮಾರು ಈಗ ಮುಪ್ಪಿನಲ್ಲಿದೆ. ಮೊಹರಂ ದಿನಗಳಲ್ಲಿ ಹಸನ್ ಹುಸೇನರ ಕಥೆಯನ್ನು ಕನ್ನಡದಲ್ಲಿ ಹಾಡುವ ಮೇಳಗಳಿವೆ. ಅವುಗಳಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಹಾಡು ಕಟ್ಟಿದವರ ಹೆಸರು ಅನೇಕ ಸಲ ಹಾಡಿನ ಕೊನೆಯ ನುಡಿಯಲ್ಲಿಯೇ ಬರುತ್ತದೆ. ಅದೂ ಅಂಕಿತವೇ. ಔರಾದ ಕಡೆಯ ಗಡಿ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಮನೆಯಲ್ಲಿ ಕೂಡಿ ಬಾಳುತ್ತವೆ. ಅಲ್ಲಿನ ಕಥೆಗಳನ್ನು ಯಾವ ಭಾಷೆಯ ಸಂಗ್ರಹಕ್ಕೆ ಸೇರಿಸಬೇಕೆಂಬ ಗೊಂದಲದಲ್ಲಿ ಅವು ಯಾವುದಕ್ಕೂ ಸೇರದೆ ಉಳಿಯುವ ಭಯವಿದೆ.

ಇದಕ್ಕೆ ದಾರಿಯೇನು? ಚರಿತ್ರೆಯೇ ದಾರಿಯನ್ನು ತೋರಿಸಿದೆ. ಮೊದಲನೆಯದಾಗಿ, ಇದ್ದದ್ದನ್ನು ಇದ್ದಂತೆ ಕಾಪಿಡಬೇಕು. ಹಾಡಿದ್ದನ್ನು ಧ್ವನಿಮುದ್ರಿಸಿ, ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಕಿಸೆಯಲ್ಲಿರುವ ದೂರವಾಣಿ ಸಾಕು. ಎರಡನೆಯದಾಗಿ, ತಿದ್ದುವ ಆಸೆಯನ್ನು ಹಿಡಿತದಲ್ಲಿಡಬೇಕು. ಬೀದರ್ ಕನ್ನಡವನ್ನು 'ಶುದ್ಧ'ಗೊಳಿಸಿ ಬರೆದರೆ ಅದು ಹಾಡಿದವರ ಮಾತಾಗಿ ಉಳಿಯುವುದಿಲ್ಲ. ಎರಡು ಪಾಠ ಸಿಕ್ಕರೆ ಎರಡನ್ನೂ ಇಡಬೇಕು. ಯಾವುದು ಮೂಲ ಎಂಬ ಜಗಳವನ್ನು ಮುಂದಿನವರಿಗೆ ಬಿಡಬೇಕು. ಮೂರನೆಯದಾಗಿ, ಸಂಗ್ರಹಿಸಿದ್ದನ್ನು ಅಚ್ಚು ಮಾಡಬೇಕು, ಅಂತರಜಾಲದ ಗ್ರಂಥಭಂಡಾರಗಳಿಗೂ ಸೇರಿಸಬೇಕು. ಆಗ ವಿಶ್ವಕೋಶದ ಬಾಗಿಲೂ ತಾನಾಗಿ ತೆರೆಯುತ್ತದೆ. ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ವರ್ಷಕ್ಕೆ ಒಂದು ಹಳ್ಳಿಯಂತೆ ಹಿಡಿದರೂ ಹತ್ತು ವರ್ಷಗಳಲ್ಲಿ ಜಿಲ್ಲೆಯ ಚಿತ್ರ ಬದಲಾಗುತ್ತದೆ.

ಹಿಂದೊಮ್ಮೆ ಈ ಸೀಮೆಯ ಕಥೆಯನ್ನು ದೂರದವರು ಕಟ್ಟಿದರು. ಅವರಿಗೆ ನಾವು ಋಣಿಗಳು. ಅವರು ಕಟ್ಟದಿದ್ದರೆ ಅಲ್ಲಮನ ಪಯಣ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಈಗ ಹಾಗೆ ಕಾಯುವ ಕಾರಣವಿಲ್ಲ. ಕೊಳಾರದ ಕಾರ್ಖಾನೆಯ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ತರುಣನ ಕೈಯಲ್ಲಿ ಇಂದು ಹಳಕಟ್ಟಿಯವರಿಗೆ ಇಲ್ಲದಿದ್ದ ಸಲಕರಣೆ ಇದೆ. ಅವನ ಮನೆಯಲ್ಲಿ ಹಳಕಟ್ಟಿಯವರು ಹುಡುಕಿಕೊಂಡು ಬರುತ್ತಿದ್ದಂಥ ಗಂಟೂ ಇರಬಹುದು. ಅದು ತಾಳೆಗರಿಯ ಗಂಟಾಗಿರಬೇಕೆಂದಿಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿಯ ನೆನಪೂ ಆಗಿರಬಹುದು.

ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ ಅರಸನಿಗೆ ಎರಡು ಹೆಸರು ಕೊಟ್ಟ ಜನ ತಮ್ಮ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ. ಆ ಕಥೆ ಇಂದು ಎಲ್ಲರದೂ ಆಗಿದೆ, ಆದರೆ ಕಟ್ಟಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಸಂಕವ್ವೆಯ ವಚನ ಒಂದೇ ಆದರೂ ಅದು ಆಕೆಯದೆಂದು ನಮಗೆ ಗೊತ್ತಿದೆ. ಈ ಎರಡರ ನಡುವೆ ನಮ್ಮ ಕಾಲದ ಕೆಲಸವಿದೆ. ಮುಂದಿನ ಉರುಸಿಗೆ ಅಷ್ಟೂರಿಗೆ ಹೋದಾಗ, ಆ ಕಥೆ ಬಲ್ಲ ಒಬ್ಬ ಹಿರಿಯರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಕೊನೆಗೆ, ಮರೆಯದೆ, ಅವರ ಹೆಸರನ್ನು ಕೇಳಿ ಬರೆಯಿರಿ.